ಒತ್ತಡಮಾಪಕಕ್ಕೆ ಸಿಗದ ಸೋರಿಕೆ

ತೈಲ ಕೊಳವೆಮಾರ್ಗದ ನಿಯಂತ್ರಣ ಕೊಠಡಿಯಲ್ಲಿ ನಾವು ಮುಖ್ಯವಾಗಿ ನೋಡುವುದು ಈ ತುದಿಯಿಂದ ಎಷ್ಟು ಹೋಯಿತು, ಆ ತುದಿಗೆ ಎಷ್ಟು ಬಂತು ಎಂಬ ಲೆಕ್ಕ. ವ್ಯತ್ಯಾಸ ಹರಿವಿನ ಶೇ 1ಕ್ಕಿಂತ ಕಡಿಮೆಯಿದ್ದರೆ ಅದು ಮೀಟರಿನ ದೋಷವೋ ಸೋರಿಕೆಯೋ ಹೇಳುವುದು ಕಷ್ಟ. ದಿನಕ್ಕೆ 1 ಲಕ್ಷ ಬ್ಯಾರೆಲ್ ಸಾಗುವ ಮಾರ್ಗದಲ್ಲಿ ಆ ಶೇ 1 ಎಂದರೆ ಒಂದೂವರೆ ಲಕ್ಷ ಲೀಟರಿಗೂ ಹೆಚ್ಚು.

2006ರ ಮಾರ್ಚ್‌ನಲ್ಲಿ ಅಲಾಸ್ಕಾದ ಪ್ರೂಡೋ ಬೇ ತೈಲಕ್ಷೇತ್ರದಲ್ಲಿ 34 ಇಂಚಿನ ಕೊಳವೆಯನ್ನು ತುಕ್ಕು ಒಳಗಿನಿಂದ ತಿಂದು ಸುಮಾರು 6 ಮಿಲಿಮೀಟರ್ ತೂತು ಮಾಡಿತ್ತು. ಹಿಮದಡಿ ಕನಿಷ್ಠ 5 ದಿನ ಸೋರಿ, ಸುಮಾರು 10 ಲಕ್ಷ ಲೀಟರ್ ಕಚ್ಚಾತೈಲ ಟಂಡ್ರಾ ನೆಲ ಸೇರಿತು. ಅದನ್ನು ಪತ್ತೆ ಹಚ್ಚಿದ್ದು ಆ ದಾರಿಯಲ್ಲಿ ವಾಹನದಲ್ಲಿ ಹೋಗುತ್ತಿದ್ದ ಕೆಲಸಗಾರರೊಬ್ಬರ ಮೂಗು. ತೈಲದೊಂದಿಗೆ ಸಾಗುತ್ತ ಕೊಳವೆಯ ಗೋಡೆ ತಪಾಸಿಸುವ ‘ಸ್ಮಾರ್ಟ್ ಪಿಗ್’ ಎಂಬ ಸಾಧನ ಅದರೊಳಗೆ ಕೊನೆಯದಾಗಿ ಸಾಗಿದ್ದು 1998ರಲ್ಲಿ.

ಇಂಥ ಸಣ್ಣ ತೂತಿಗೆ ದೂರದ ಮಾಪಕ ಸಾಲದು. ಹತ್ತಿರಕ್ಕೇ ಹೋಗುವ ಸಾಧನ ಬೇಕು. ತೈಲದೊಂದಿಗೆ ಉರುಳುತ್ತ ಸಾಗುವ ಚೆಂಡಿನಲ್ಲಿ ಧ್ವನಿಗ್ರಾಹಕವಿರುತ್ತದೆ. ಒತ್ತಡದಲ್ಲಿರುವ ಎಣ್ಣೆ ಕಿರಿದಾದ ತೂತಿನಿಂದ ನುಗ್ಗುವಾಗ ಏಳುವ ಸಿಳ್ಳು ಚೆಂಡು ಸಮೀಪಿಸಿದಂತೆ ಏರಿ, ದಾಟಿದಂತೆ ಇಳಿಯುತ್ತದೆ. ಆ ಹೊತ್ತನ್ನು ವೇಗದೊಂದಿಗೆ ಹೊಂದಿಸಿದರೆ ಅಗೆಯಬೇಕಾದ ಜಾಗ ಸಿಗುತ್ತದೆ. ಪಿಗ್ ದಾಟಲಾಗದ ಕಡಿದಾದ ತಿರುವುಗಳಿಗೆ ಚಕ್ರದ ಮೇಲೆ ತೆವಳುವ ರೋಬೋಟ್‌ಗಳಿವೆ. ಹೊರಗಿನಿಂದ ಅವಕೆಂಪು ಕ್ಯಾಮೆರಾ ಹೊತ್ತ ಡ್ರೋನ್‌ಗಳು ಆವಿಯನ್ನು ಗುರುತಿಸುತ್ತವೆ. ಆದರೆ ಆಳದಲ್ಲಿ ಹೂತ ಕೊಳವೆಯ ಮೊದಲ ಹನಿಗಳು ಅವಕ್ಕೆ ಸಿಗುವುದು ಅಪರೂಪ. ಆದ್ದರಿಂದ ಹಣ ಸೀಮಿತವಾಗಿದ್ದರೆ ನಾನು ಒಳಗಿನ ತಪಾಸಣೆಗೇ ಮೊದಲ ಮತ ಹಾಕುತ್ತೇನೆ.

ಯಂತ್ರ ದೋಷವನ್ನು ಕಂಡುಹಿಡಿದ ಮೇಲೂ ಅನಾಹುತ ಆಗುತ್ತದೆ ಎಂಬುದೇ ನನ್ನನ್ನು ಹೆಚ್ಚು ಕಾಡುವುದು. 2010ರ ಜುಲೈನಲ್ಲಿ ಮಿಷಿಗನ್‌ನ ಮಾರ್ಷಲ್ ಬಳಿ 30 ಇಂಚಿನ ಕೊಳವೆ ಸುಮಾರು 2 ಮೀಟರ್ ಉದ್ದಕ್ಕೆ ಸೀಳಿತು. ಆ ಭಾಗದ ದೋಷಗಳನ್ನು 2005ರ ಒಳತಪಾಸಣೆ ಗುರುತಿಸಿತ್ತು, ಯಾರೂ ಅಗೆದು ನೋಡಿರಲಿಲ್ಲ. ಎಚ್ಚರಿಕೆಗಳು ಬಂದಾಗ ಸಿಬ್ಬಂದಿ ಅದನ್ನು ಸೋರಿಕೆಯೆನ್ನದೆ, ಒತ್ತಡ ಇಳಿದು ಕೊಳವೆಯೊಳಗಿನ ತೈಲದ ನಡುವೆ ಆವಿಯ ಖಾಲಿಜಾಗ ಉಂಟಾದದ್ದೆಂದು ಭಾವಿಸಿ ಎರಡು ಬಾರಿ ಪಂಪ್ ಮರುಚಾಲನೆ ಮಾಡಿದರು. ಒಟ್ಟು ಚೆಲ್ಲಿದ ತೈಲದಲ್ಲಿ ಶೇ 81 ಹೋದದ್ದು ಆ ಮರುಚಾಲನೆಗಳಲ್ಲೇ. 17 ಗಂಟೆಗಳ ನಂತರ ಹೊರಗಿನವರೊಬ್ಬರು ಕರೆ ಮಾಡಿ ತಿಳಿಸಬೇಕಾಯಿತು.

ಘಟ್ಟ ಹತ್ತುವ ನಮ್ಮ ಮಂಗಳೂರು–ಹಾಸನ–ಬೆಂಗಳೂರು ಕೊಳವೆಯಂಥ ಏರಿಳಿತದ ಮಾರ್ಗಗಳಲ್ಲಿ ಒತ್ತಡದ ಅಂಕಿಗಳನ್ನು ಓದುವುದು ಇನ್ನೂ ಸೂಕ್ಷ್ಮ. ಅಲ್ಲಿ ರೋಬೋಟ್ ಖರೀದಿಸುವ ಒಪ್ಪಂದದಲ್ಲೇ ಎರಡು ಷರತ್ತು ಇರಬೇಕೆಂದು ನಾನು ಹಟ ಹಿಡಿಯುತ್ತೇನೆ: ಅದು ತೋರಿದ ಜಾಗವನ್ನು ಇಷ್ಟು ದಿನದೊಳಗೆ ಅಗೆಯಬೇಕು; ಅನುಮಾನ ಬಂದರೆ ಮೇಲಧಿಕಾರಿಯನ್ನು ಕೇಳದೆ ಪಂಪ್ ನಿಲ್ಲಿಸುವ ಅಧಿಕಾರ ರಾತ್ರಿ ಪಾಳಿಯ ಸಿಬ್ಬಂದಿಗೂ ಇರಬೇಕು.