ಡೇ ಕೇರ್‌ಗೆ ಬಿಟ್ಟರೆ ಮಗುವಿಗೆ ಮಾತು ತಡವಾಗುತ್ತಾ?

ಪ್ರಶ್ನೆ: ನಾನು ಕೋಲಾರದವಳು. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಮಗಳಿಗೆ ಒಂದೂವರೆ ವರ್ಷ, ಡೇ ಕೇರ್‌ಗೆ ಬಿಡೋಣ ಅಂತಿದ್ದೇವೆ. ಅಲ್ಲಿ ಬಿಟ್ಟರೆ ಮಾತು ತಡ, ಬುದ್ಧಿ ಮಂಕು ಅಂತ ಅತ್ತೆ ಹೆದರುತ್ತಾರೆ. ನಿಜವಾ?

ಉತ್ತರ: ಬಿಟ್ಟಿದ್ದಕ್ಕೇ ಹಾಗೇನೂ ಆಗುವುದಿಲ್ಲ. ಅಲ್ಲಿ ಮಗಳ ಜೊತೆ ಯಾರೂ ಮಾತಾಡದಿದ್ದರೆ ಮಾತ್ರ ಯೋಚಿಸಬೇಕು. ಆ ಲೆಕ್ಕಕ್ಕೆ ಮನೆಯೂ ಅಷ್ಟೇ.

ಅಮೆರಿಕದಲ್ಲಿ 1991ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದು 1,364 ಮಕ್ಕಳನ್ನು ಹುಟ್ಟಿದಾಗಿನಿಂದ ಹದಿಹರೆಯದವರೆಗೆ ಗಮನಿಸಿತು. ಅಮ್ಮನೇ ನೋಡಿಕೊಂಡ ಮಕ್ಕಳಿಗೂ ಬೇರೆಯವರ ಬಳಿಯೂ ಬೆಳೆದ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡಿದ್ದು ಆರೈಕೆಯ ಗುಣಮಟ್ಟದಲ್ಲಿ. ಒಳ್ಳೆಯ ಕಡೆ ಬೆಳೆದವರು ಮಾತಿನಲ್ಲಿ, ಕಲಿಕೆಯಲ್ಲಿ ಸ್ವಲ್ಪ ಮುಂದಿದ್ದರು. ಸ್ವಲ್ಪವೇ, ಆದರೆ 15ನೇ ವಯಸ್ಸಿನಲ್ಲೂ ಅದರ ಗುರುತು ಉಳಿದಿತ್ತು. ಮನೆಯ ಪ್ರಭಾವ ಅದಕ್ಕಿಂತ ಜಾಸ್ತಿ ಇತ್ತು. ಇದನ್ನು ಅತ್ತೆಗೂ ಹೇಳಿ, ಅವರ ಮಾತುಕತೆಗೆ ಬೆಲೆ ಇದೆ.

ಗುಣಮಟ್ಟ ಅಂದರೆ ಗೋಡೆಯ ಮೇಲಿನ ಬಣ್ಣದ ಚಿತ್ರ, ಸಿಸಿಟಿವಿ, ಇಂಗ್ಲಿಷ್ ರೈಮ್ಸ್ ಅಲ್ಲ. ಮಗು ಕಿಟಕಿಯತ್ತ ಕೈ ತೋರಿಸಿ "ಕಾ" ಅಂದಿತು ಅಂತಿಟ್ಟುಕೊಳ್ಳಿ. "ಹೂಂ, ಕಾಗೆ! ಹುಣಸೆ ಮರದ ಮೇಲೆ ಕೂತಿದೆ ನೋಡು, ಏನು ತಿಂತಿದೆ?" ಅಂತ ಆಯಮ್ಮ ಕೇಳಿದರೆ ಮಗುವಿಗೆ ನಾಲ್ಕು ಹೊಸ ಪದ ಸಿಕ್ಕಿತು, ತಾನು ಹೇಳಿದ್ದಕ್ಕೆ ಉತ್ತರ ಬರುತ್ತದೆ ಅನ್ನುವುದೂ ಗೊತ್ತಾಯಿತು. "ಸುಮ್ನೆ ಕೂತ್ಕೋ" ಅಂದರೆ ಎರಡೂ ಇಲ್ಲ. ದಿನಕ್ಕೆ ಇಂಥ ಎಷ್ಟು ಕೊಡು-ಕೊಳ್ಳುವ ಮಾತು ನಡೆಯುತ್ತದೆ ಅನ್ನುವುದೇ ಮುಖ್ಯ.

ಒಬ್ಬರೇ ಹದಿನೈದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರೆ ಇದು ಆಗದ ಮಾತು. ಅವರನ್ನು ಬೈದು ಪ್ರಯೋಜನವಿಲ್ಲ. ಊಟ ಮಾಡಿಸಿ, ಬಟ್ಟೆ ಬದಲಾಯಿಸುವಷ್ಟರಲ್ಲಿ ದಿನ ಮುಗಿಯುತ್ತದೆ. ಎರಡು ವರ್ಷದ ಆಸುಪಾಸಿನ ನಾಲ್ಕು ಮಕ್ಕಳಿಗೆ ಒಬ್ಬರಿರಲಿ ಅನ್ನುವುದು ಅಮೆರಿಕದ ಮಕ್ಕಳ ತಜ್ಞರ ಶಿಫಾರಸು. ನಮ್ಮಲ್ಲಿ ಅಷ್ಟು ಸಿಗುವುದು ಕಷ್ಟ, ಆದರೂ ಕೇಳಿ. ತಮಿಳುನಾಡಿನಲ್ಲಿ ಕೆಲವು ಅಂಗನವಾಡಿಗಳಿಗೆ ಅರ್ಧ ದಿನದ ಕೆಲಸಕ್ಕೆ ಇನ್ನೊಬ್ಬರನ್ನು ಕೊಟ್ಟು ನೋಡಿದ್ದರು. ಕಲಿಸುವ ಸಮಯ ದುಪ್ಪಟ್ಟಾಯಿತು, ಮಕ್ಕಳ ಭಾಷೆ, ಗಣಿತ ಎರಡೂ ಸುಧಾರಿಸಿದವು.

ಸೇರಿಸುವ ಮೊದಲು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಒಳಗೆ ಬಿಡಲ್ಲ ಅಂದರೆ ಆ ಜಾಗ ಬೇಡ. ಮಕ್ಕಳೆಲ್ಲ ಸದ್ದಿಲ್ಲದೆ ಸಾಲಾಗಿ ಕೂತಿದ್ದರೆ ಶಿಸ್ತು ಅಂತ ಮೆಚ್ಚಬೇಡಿ, ನನಗಂತೂ ಅದೇ ಭಯ. ಆಯಮ್ಮಂದಿರು ತಿಂಗಳಿಗೊಬ್ಬರು ಬದಲಾಗುತ್ತಾರಾ, ಅದನ್ನೂ ವಿಚಾರಿಸಿ.

ಟಿವಿ ಹಾಕಿ ಕೂರಿಸುವ ಕಡೆ ಬೇಡವೇ ಬೇಡ. 2003ರಲ್ಲಿ ಪ್ಯಾಟ್ರಿಶಿಯಾ ಕೂಲ್ ಎಂಬ ವಿಜ್ಞಾನಿಯ ತಂಡ ಒಂಬತ್ತು ತಿಂಗಳ ಅಮೆರಿಕದ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿತು. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದಾಗ ಮಕ್ಕಳು ಅದರ ಧ್ವನಿಗಳನ್ನು ಕಲಿತವು. ಅದನ್ನೇ ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ.

ಕೋಲಾರದಲ್ಲಿ ಇನ್ನೊಂದು ಅನುಮಾನ ಸಾಮಾನ್ಯ: ಆಯಮ್ಮ ತೆಲುಗಿನವರು, ಮನೆಯಲ್ಲಿ ಕನ್ನಡ, ಮಗು ಗಲಿಬಿಲಿ ಆಗಲ್ವಾ? ಇಲ್ಲ. ಎರಡನ್ನೂ ಬೆರೆಸಿ ಆಡಬಹುದು, ಅದು ಸಹಜ. ಆಯಮ್ಮನಿಗೇ ಸರಿಯಾಗಿ ಬಾರದ ಇಂಗ್ಲಿಷ್‌ಗಿಂತ ಮನಸಾರೆ ಆಡುವ ತೆಲುಗು ಎಷ್ಟೋ ಮೇಲು.

ನಿಮ್ಮ ಫ್ಯಾಕ್ಟರಿಯಲ್ಲೂ ಕೇಳಿ ನೋಡಿ. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಕ್ರೆಶ್ (ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗ) ಸೌಲಭ್ಯ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಬರಲು ಬಿಡಬೇಕು ಎಂದು 2017ರಲ್ಲೇ ಕಾನೂನಾಗಿದೆ.

ಕೊನೆಗೊಂದು ಮಾತು. ಕರೆದರೆ ಮಗಳು ತಿರುಗಿ ನೋಡದಿದ್ದರೆ, ಅಥವಾ ಎರಡು ವರ್ಷವಾದರೂ "ಅಮ್ಮ ಬಾ" ಅಂತ ಎರಡು ಪದ ಕೂಡಿಸದಿದ್ದರೆ, ಡೇ ಕೇರನ್ನೋ ಅತ್ತೆಯನ್ನೋ ದೂರುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿ.