ಕಲೆ ಹೊಸದೋ, ಹಳೆಯದೋ?

ಶಿರಸಿಯಲ್ಲಿರುವ ದೊಡ್ಡಪ್ಪನಿಗೆ ಮಳೆಗಾಲದಲ್ಲಿ ಹಿಡಿದ ಕೆಮ್ಮು ಮೂರು ವಾರವಾದರೂ ಬಿಡಲಿಲ್ಲ. ಎಕ್ಸ್‌ರೇ ತೆಗೆಸಿದರೆ, 'ಬಲಗಡೆ ಮೇಲೆ ಕಲೆ ಇದೆ' ಅಂದರು. ಅವತ್ತು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಾನು ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದೆ. ಕೊರಳ ಮೂಳೆಯ ಕೆಳಗೆ, ಹತ್ತಿ ಹಿಂಜಿ ಎಳೆದಂಥ ನಾಲ್ಕೈದು ಬಿಳಿ ಗೆರೆಗಳು.

ಎಕ್ಸ್‌ರೇ ಫಿಲ್ಮಿನಲ್ಲಿ ಕಾಣುವುದು ನೆರಳು. ಗಾಳಿಯನ್ನು ಕಿರಣ ಸಲೀಸಾಗಿ ದಾಟುತ್ತದೆ, ಅಲ್ಲಿ ಫಿಲ್ಮು ಕಪ್ಪು. ಮೂಳೆ ತಡೆಯುತ್ತದೆ, ಅಲ್ಲಿ ಬಿಳಿ. ಶ್ವಾಸಕೋಶದ ತುಂಬ ಗಾಳಿ ಇರುವುದರಿಂದ ಅದು ಕಪ್ಪಾಗಿಯೇ ಕಾಣಬೇಕು. ನಡುವೆ ಬೆಳ್ಳಗೆ ಕಂಡರೆ ಅಲ್ಲಿ ಬೇರೇನೋ ಇದೆ. ಕೀವೋ, ನೀರೋ, ರಕ್ತವೋ, ಗಡ್ಡೆಯೋ, ಮಾಯ್ದ ಗಾಯವೋ? ಎಲ್ಲವೂ ಬಿಳಿಯೇ ಅಲ್ವಾ! ಅದಕ್ಕೇ ಡಾಕ್ಟರು ಬಣ್ಣಕ್ಕಿಂತ ಜಾಗ, ಆಕಾರ ಜಾಸ್ತಿ ನೋಡುತ್ತಾರೆ.

ನ್ಯುಮೋನಿಯಾದಲ್ಲಿ ಗಾಳಿಚೀಲಗಳು ತುಂಬಿ ಬೆಳ್ಳಗಾದಾಗ, ಉಸಿರುನಾಳಗಳು ಕೆಲವೊಮ್ಮೆ ಕಪ್ಪು ಟೊಂಗೆಗಳಂತೆ ಎದ್ದು ಕಾಣುತ್ತವೆ. ಶ್ವಾಸಕೋಶದ ಹೊರಗೆ ನೀರು ನಿಂತರೆ, ಪಕ್ಕೆಲುಬು ಮತ್ತು ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಸೇರುವ ಚೂಪು ಮೂಲೆ ಮುಚ್ಚಿಹೋಗುತ್ತದೆ. ಎದುರಿನಿಂದ ತೆಗೆದ ಫಿಲ್ಮಿನಲ್ಲಿ ಅದು ಕಾಣಬೇಕಾದರೆ ಸುಮಾರು 200 ಮಿಲಿಲೀಟರ್ ಆದರೂ ಸೇರಿರಬೇಕು. ವರ್ಷಗಟ್ಟಲೆ ಬೀಡಿ ಸೇದಿದವರಲ್ಲಿ ಹಲವರ ಶ್ವಾಸಕೋಶ ಉಬ್ಬಿ, ಗುಮ್ಮಟದಂತಿರಬೇಕಾದ ವಪೆ ಚಪ್ಪಟೆಯಾಗಿರುತ್ತದೆ.

'ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ' ಅಂತ ಎಕ್ಸ್‌ರೇ ಕೋಣೆಯಲ್ಲಿ ಹೇಳುವುದು ಸುಮ್ನೆ ಅಲ್ಲ. ಅರ್ಧ ಉಸಿರಿನಲ್ಲಿ ತೆಗೆದರೆ ಶ್ವಾಸಕೋಶದ ಬುಡ ಬೆಳ್ಳಗೆ, ಹೃದಯ ದೊಡ್ಡದಾಗಿ ಕಂಡು, ಇಲ್ಲದ ರೋಗ ಇದ್ದಂತೆ ತೋರುತ್ತದೆ.

ದೊಡ್ಡಪ್ಪನ ಕಲೆ ಇದ್ದದ್ದು ಕ್ಷಯ ಹೆಚ್ಚಾಗಿ ಹಿಡಿಯುವ ಜಾಗದಲ್ಲೇ. ಆದರೆ ಕ್ಷಯ ವಾಸಿಯಾದ ಮೇಲೂ ಅಲ್ಲಿ ಗುರುತು ಉಳಿಯುತ್ತದೆ. ಈಗಿನದೋ, ಹಿಂದಿನದೋ ಎಂದು ಒಂದೇ ಫಿಲ್ಮು ನೋಡಿ ಖಚಿತವಾಗಿ ಹೇಳಲು ಬರುವುದಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಡಾಕ್ಟರು ಕಫಕ್ಕೆ ಬರೆದುಕೊಟ್ಟು ಕೇಳಿದರು: 'ಹಳೆ ಎಕ್ಸ್‌ರೇ ಏನಾದ್ರೂ ಇದ್ಯಾ?'

ಇತ್ತು. ದೊಡ್ಡಪ್ಪನಿಗೆ ಹರೆಯದಲ್ಲಿ ಕ್ಷಯವಾಗಿ, ಔಷಧಿ ಪೂರ್ತಿ ತೆಗೆದುಕೊಂಡು ವಾಸಿಯಾಗಿತ್ತು. ದೊಡ್ಡಮ್ಮ ಅಟ್ಟದ ಟ್ರಂಕಿನಿಂದ 2009ರ ಫಿಲ್ಮು ಹುಡುಕಿ ತಂದರು. ಥಂಡಿಗೆ ಕವರಿಗೆ ಅಂಟಿಕೊಂಡಿದ್ದನ್ನು ಮೆಲ್ಲಗೆ ಬಿಡಿಸಿದೆವು. ಡಾಕ್ಟರು ಎರಡನ್ನೂ ಲೈಟ್ ಬಾಕ್ಸಿಗೆ ಸಿಕ್ಕಿಸಿದರು. ಅದೇ ಜಾಗ, ಅದೇ ಗೆರೆಗಳು, ಒಂದಿಷ್ಟೂ ಬೆಳೆದಿಲ್ಲ. ಕಫದಲ್ಲೂ ಕ್ಷಯ ಸಿಗಲಿಲ್ಲ.

ಈಗ ಆ ಎರಡೂ ಫಿಲ್ಮು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ದೊಡ್ಡಮ್ಮನ ಸೀರೆ ಕಪಾಟಿನಲ್ಲಿವೆ.