ಮೆನಿಂಜೈಟಿಸ್‌ಗೆ ಲಸಿಕೆ ಇದೆಯೇ? ಯಾವ ಮೆನಿಂಜೈಟಿಸ್‌ಗೆ?

ಮಗಳಿಗೆ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಹಾಸ್ಟೆಲ್ ಅರ್ಜಿಯ ಜೊತೆ ಬಂದ ಲಸಿಕೆಗಳ ಪಟ್ಟಿಯಲ್ಲಿ ‘ಮೆನಿಂಗೊಕಾಕಲ್’ ಎಂದಿದೆ. ‘ಚಿಕ್ಕಂದಿನಲ್ಲೇ ಮೆದುಳು ಜ್ವರದ ಇಂಜೆಕ್ಷನ್ ಆಗಿದೆಯಲ್ಲ, ಮತ್ತೆ ಇದೇನು?’ ಎಂದು ಅಮ್ಮ ಹಳೆಯ ಕಾರ್ಡ್ ಹುಡುಕುತ್ತಾರೆ. ಹಜ್‌ಗೆ ಹೊರಟ ಅಜ್ಜನ ಮನೆಯಲ್ಲೂ ಇದೇ ಮಾತು. ಇಬ್ಬರಿಗೂ ಬೇಕಾಗಿರುವುದು ಒಂದೇ ಲಸಿಕೆ. ಅಮ್ಮ ನೆನಪಿಸಿಕೊಳ್ಳುತ್ತಿರುವ ಇಂಜೆಕ್ಷನ್ ಮಾತ್ರ ಬಹುಶಃ ಬೇರೆಯದೇ ಕಾಯಿಲೆಯದು.

ಗೊಂದಲ ಹುಟ್ಟುವುದೇ ಹೆಸರಿನಲ್ಲಿ. ನಮ್ಮಲ್ಲಿ ‘ಮೆದುಳು ಜ್ವರ’ ಎಂದರೆ ಹೆಚ್ಚಾಗಿ ಜಪಾನೀಸ್ ಎನ್ಸೆಫಲೈಟಿಸ್. ಅದು ವೈರಸ್ಸಿನಿಂದ ಬರುವುದು, ಗದ್ದೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯ ಮೂಲಕ ಹರಡುವುದು. ಅದರಲ್ಲಿ ಊದಿಕೊಳ್ಳುವುದು ಮೆದುಳು. ಮೆನಿಂಜೈಟಿಸ್‌ನಲ್ಲಿ ಊದಿಕೊಳ್ಳುವುದು ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ಪೊರೆಗಳು. ಈ ಊತಕ್ಕೆ ಕಾರಣ ವೈರಸ್ ಆಗಿರಬಹುದು, ಕ್ಷಯದ ರೋಗಾಣು ಆಗಿರಬಹುದು, ಶಿಲೀಂಧ್ರವೂ ಆಗಿರಬಹುದು. ವೈರಸ್ಸಿನಿಂದ ಬಂದದ್ದು ಬಹುಪಾಲು ತಾನಾಗಿ ವಾಸಿಯಾಗುತ್ತದೆ. ಬೆಳಿಗ್ಗೆ ಆಡಿಕೊಂಡಿದ್ದ ಮಗುವನ್ನು ರಾತ್ರಿಯೊಳಗೆ ಸಾವಿನಂಚಿಗೆ ಒಯ್ಯಬಲ್ಲವು ಮುಖ್ಯವಾಗಿ ಮೂರು ಬ್ಯಾಕ್ಟೀರಿಯಾಗಳು: ಮೆನಿಂಗೊಕಾಕಸ್, ನ್ಯೂಮೊಕಾಕಸ್, ಹಿಬ್ ಎಂದು ಕರೆಯುವ ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ. ಒಂದಕ್ಕೆ ಹಾಕಿಸಿದ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ.

ಮೆನಿಂಜೈಟಿಸ್‌ನ ಸಾಂಕ್ರಾಮಿಕವೊಂದನ್ನು ಮೊದಲು ವಿವರವಾಗಿ ಬರೆದಿಟ್ಟವರು ಗ್ಯಾಸ್ಪಾರ್ ವ್ಯೂಸೋ. 1805ರಲ್ಲಿ ಜಿನೀವಾದಲ್ಲಿ ಕಂಡ ಪಿಡುಗು ಅದು. ಕಾರಣವಾದ ಮೆನಿಂಗೊಕಾಕಸ್ ಕಣ್ಣಿಗೆ ಬೀಳಲು 1887ರವರೆಗೆ ಕಾಯಬೇಕಾಯಿತು. ವಿಯೆನ್ನಾದ ಆಂಟನ್ ವೈಕ್ಸೆಲ್‌ಬಾಮ್ ಅದನ್ನು ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಗುರುತಿಸಿದರು. ಆಗ ಈ ರೋಗ ಹಿಡಿದ ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಸಾಯುತ್ತಿದ್ದರು. ಕುದುರೆಯ ರಕ್ತದಿಂದ ತಯಾರಿಸಿದ ಸೀರಮ್ಮನ್ನು ನೇರ ಬೆನ್ನೊಳಗೆ ಕೊಟ್ಟು ಸಾವುಗಳನ್ನು ಇಳಿಸಬಹುದೆಂದು ಅಮೆರಿಕದ ಸೈಮನ್ ಫ್ಲೆಕ್ಸ್‌ನರ್ 1913ರಲ್ಲಿ ತೋರಿಸಿದರು. 1930ರ ದಶಕದಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಸಲ್ಫಾ ಮಾತ್ರೆಗಳು ಬಂದವು. ಕೆಲಸ ಎಷ್ಟು ಸಲೀಸಾಯಿತೆಂದರೆ, ಸೈನಿಕ ಶಿಬಿರಗಳಲ್ಲಿ ಎಲ್ಲರಿಗೂ ಸಲ್ಫಾ ನುಂಗಿಸಿ ರೋಗ ಬರದಂತೆ ನೋಡಿಕೊಳ್ಳುತ್ತಿದ್ದರು. ಲಸಿಕೆಯ ಚಿಂತೆ ಹಿಂದೆ ಸರಿಯಿತು.

1960ರ ದಶಕದ ಆರಂಭದಲ್ಲಿ ಅಮೆರಿಕದ ಶಿಬಿರಗಳಲ್ಲಿ ಸಲ್ಫಾಕ್ಕೆ ಬಗ್ಗದ ಮೆನಿಂಗೊಕಾಕಸ್ ಕಾಣಿಸಿಕೊಂಡಿತು. ಲಸಿಕೆಯ ಹುಡುಕಾಟ ಮತ್ತೆ ಶುರುವಾದದ್ದು ಆಮೇಲೆ. ಈ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆಯ ಸರಪಣಿಗಳಿಂದಾದ ಒಂದು ಹೊದಿಕೆಯಿದೆ. ಆ ಹೊದಿಕೆಯ ಬಗೆಯನ್ನು ನೋಡಿಯೇ ಎ, ಬಿ, ಸಿ, ಡಬ್ಲ್ಯು, ಎಕ್ಸ್, ವೈ ಎಂದು ಗುಂಪುಗಳನ್ನು ಹೆಸರಿಸಿದ್ದಾರೆ. ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿ ಎಮಿಲ್ ಗಾಟ್‌ಶ್ಲಿಕ್ ಮತ್ತು ಜೊತೆಗಾರರು ಈ ಸಕ್ಕರೆಯನ್ನು ಕೆಡದಂತೆ ಬೇರ್ಪಡಿಸಿ, ಅದನ್ನೇ ಲಸಿಕೆಯಾಗಿಸಿ, 1969ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೈನಿಕರಿಗೆ ಅದು ಚೆನ್ನಾಗಿಯೇ ನಾಟಿತು.

ಹಸುಗೂಸುಗಳಿಗೆ ನಾಟಲಿಲ್ಲ. ಎರಡು ವರ್ಷದೊಳಗಿನ ಮಗುವಿನ ದೇಹ ಬರೀ ಸಕ್ಕರೆಯನ್ನು ಶತ್ರುವೆಂದು ಗುರುತಿಸಿ ನೆನಪಿಟ್ಟುಕೊಳ್ಳುವುದು ಕಷ್ಟ. ರೋಗದ ಕಾಟ ಹೆಚ್ಚಿರುವುದೇ ಆ ವಯಸ್ಸಿನಲ್ಲಿ. ಆ ಸಕ್ಕರೆಯನ್ನು ಟೆಟನಸ್ ಟಾಕ್ಸಾಯ್ಡ್‌ನಂಥ ಒಂದು ಪ್ರೋಟೀನಿಗೆ ಅಂಟಿಸಿ ಕೊಡುವುದು ಇದಕ್ಕೆ ಸಿಕ್ಕ ದಾರಿ. ಪ್ರೋಟೀನನ್ನು ಗುರುತಿಸುವಾಗ ದೇಹ ಜೊತೆಗಿರುವ ಸಕ್ಕರೆಯನ್ನೂ ಕಲಿತುಬಿಡುತ್ತದೆ. ಇವೇ ಕಾಂಜುಗೇಟ್ ಲಸಿಕೆಗಳು. ಇವುಗಳಲ್ಲಿ ಮೊದಲು ಗೆದ್ದದ್ದು ಹಿಬ್ ಲಸಿಕೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 20,000 ಎಳೆಯ ಮಕ್ಕಳನ್ನು ಹಿಡಿಯುತ್ತಿದ್ದ ಹಿಬ್ ರೋಗ, 1990ರ ದಶಕ ಮುಗಿಯುವ ಹೊತ್ತಿಗೆ ಶೇಕಡಾ 99ರಷ್ಟು ಇಳಿದಿತ್ತು.

ಕಾಂಜುಗೇಟ್‌ನ ಇನ್ನೊಂದು ಗುಣವನ್ನು ಇಲ್ಲಿ ಹೇಳಲೇಬೇಕು. ಮೆನಿಂಗೊಕಾಕಸ್ ಸುಮಾರು ಹತ್ತರಲ್ಲೊಬ್ಬರ ಗಂಟಲಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ. ಹದಿಹರೆಯದವರಲ್ಲಿ ಇದು ಇನ್ನೂ ಹೆಚ್ಚು. ಕೆಮ್ಮು, ಎಂಜಲು, ಒಂದೇ ಕೋಣೆಯ ವಾಸ ಇವುಗಳಿಂದ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಹಾಸ್ಟೆಲ್ಲಿನವರು ಲಸಿಕೆ ಕೇಳುವುದು ಈ ಕಾರಣಕ್ಕೆ. ಎ ಮತ್ತು ಸಿ ಗುಂಪಿನ ಕಾಂಜುಗೇಟ್ ಲಸಿಕೆಗಳು ರೋಗಾಣುವನ್ನು ಗಂಟಲಿನಿಂದಲೂ ಓಡಿಸಿದವು. ಹೀಗಾಗಿ ಲಸಿಕೆ ಪಡೆಯದವರಿಗೂ ರಕ್ಷಣೆ ಸಿಕ್ಕಿತು.

ಇಷ್ಟಾದರೂ ಅತಿ ಹೆಚ್ಚು ಬೇಕಾಗಿದ್ದವರಿಗೆ ಅದು ತಲುಪಿರಲಿಲ್ಲ. ಸೆನೆಗಲ್‌ನಿಂದ ಇಥಿಯೋಪಿಯಾದವರೆಗೆ ಸಹಾರಾದ ಕೆಳಗೆ ಹಬ್ಬಿರುವ ನಾಡುಗಳಿಗೆ ‘ಮೆನಿಂಜೈಟಿಸ್ ಪಟ್ಟಿ’ ಎಂದೇ ಹೆಸರು. ಅಲ್ಲಿ ಒಣಗಾಳಿ ಬೀಸುವ ತಿಂಗಳುಗಳಲ್ಲಿ ಧೂಳು ಗಂಟಲನ್ನು ಸವೆಸುತ್ತದೆ, ಕೆಲವು ವರ್ಷಗಳಿಗೊಮ್ಮೆ ಎ ಗುಂಪಿನ ಪಿಡುಗು ಎದ್ದುಬರುತ್ತಿತ್ತು. 1996–97ರ ಪಿಡುಗಿನಲ್ಲಿ ಎರಡೂವರೆ ಲಕ್ಷ ಮಂದಿಗೆ ರೋಗ ತಗುಲಿ, 25,000 ಮಂದಿ ಸತ್ತರು. ಪಿಡುಗು ಶುರುವಾದ ಮೇಲೆ ಹಳೆಯ ಸಕ್ಕರೆ ಲಸಿಕೆ ಹಿಡಿದು ಓಡುವುದೊಂದೇ ಆಗಿನ ಉಪಾಯ. ಅದು ಮುಟ್ಟುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಣ್ಣು ಮುಗಿದಿರುತ್ತಿತ್ತು. ಇದನ್ನು ಬದಲಿಸಬೇಕೆಂದು 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆರೋಗ್ಯಕ್ಕಾಗಿ ದುಡಿಯುವ ಲಾಭರಹಿತ ಸಂಸ್ಥೆ ಪಾಥ್, ಗೇಟ್ಸ್ ಪ್ರತಿಷ್ಠಾನದ ಹಣದಿಂದ ಒಂದು ಯೋಜನೆ ಆರಂಭಿಸಿದವು. ನೇತೃತ್ವ ಮಾರ್ಕ್ ಲಾಫೋರ್ಸ್ ಅವರದು. ಡೋಸಿಗೆ ಅರ್ಧ ಡಾಲರ್ ದಾಟಿದರೆ ಕೊಳ್ಳಲಾರೆವು ಎಂದು ಆಫ್ರಿಕಾದ ಅಧಿಕಾರಿಗಳು ಮೊದಲೇ ಹೇಳಿದ್ದರು. ಆ ಬೆಲೆಗೆ ದೊಡ್ಡ ಕಂಪನಿಗಳು ಮುಂದೆ ಬರಲಿಲ್ಲ. ಬಂದದ್ದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ಸಕ್ಕರೆಯನ್ನು ಪ್ರೋಟೀನಿಗೆ ಅಂಟಿಸುವ ವಿದ್ಯೆಯನ್ನು ಅಮೆರಿಕದ ಸರ್ಕಾರಿ ಪ್ರಯೋಗಾಲಯವೊಂದು ಕಲಿಸಿಕೊಟ್ಟಿತು.

2010ರ ಡಿಸೆಂಬರ್ 6ರಂದು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ, ಹೀಗೆ ಪುಣೆಯಲ್ಲಿ ತಯಾರಾದ ಎ ಗುಂಪಿನ ಲಸಿಕೆ ಮೆನಾಫ್ರಿವ್ಯಾಕ್‌ನ ಅಭಿಯಾನ ಶುರುವಾಯಿತು. ಹತ್ತು ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ತೋಳೊಡ್ಡಿದರು. ಕರೆಂಟು, ಐಸ್ ಇಲ್ಲದ ಊರುಗಳಿಗಾಗಿ ಇದನ್ನು 40 ಡಿಗ್ರಿ ಬಿಸಿಯಲ್ಲಿ ನಾಲ್ಕು ದಿನದವರೆಗೆ ಇಟ್ಟುಕೊಳ್ಳಲು 2012ರಲ್ಲಿ ಅನುಮತಿಯೂ ಸಿಕ್ಕಿತು. ಮೂವತ್ತು ಕೋಟಿಗೂ ಮಿಕ್ಕಿದ ಜನರಿಗೆ ಲಸಿಕೆಯಾದ ಮೇಲೆ, 2017ರಿಂದೀಚೆಗೆ ಆ ಪ್ರದೇಶದಲ್ಲಿ ಎ ಗುಂಪಿನ ಖಚಿತ ಪ್ರಕರಣ ಕಂಡುಬಂದಿಲ್ಲ. ನನ್ನ ಮಟ್ಟಿಗೆ, ನಮ್ಮ ಕಾಲದಲ್ಲಿ ಭಾರತದಿಂದ ಹೊರಹೋದ ಅತ್ಯುತ್ತಮ ವಸ್ತುಗಳಲ್ಲಿ ಇದೊಂದು. ಉಳಿದ ಗುಂಪುಗಳು ತಲೆಯೆತ್ತಿದ್ದರಿಂದ, ಎ, ಸಿ, ಡಬ್ಲ್ಯು, ವೈ, ಎಕ್ಸ್ ಐದನ್ನೂ ತಡೆಯುವ ಲಸಿಕೆಯನ್ನು ಅದೇ ಪುಣೆಯವರು ತಯಾರಿಸಿದರು. 2024ರ ಏಪ್ರಿಲ್‌ನಲ್ಲಿ ನೈಜೀರಿಯಾ ಅದನ್ನು ಮೊದಲು ಬಳಸಿತು.

ಹಜ್‌ನ ನಿಯಮಕ್ಕೂ ಇಂಥದೇ ಹಿನ್ನೆಲೆ. 1987ರಲ್ಲಿ ಯಾತ್ರಿಕರ ನಡುವೆ ಎ ಗುಂಪು ಹರಡಿತು. ಎ ಮತ್ತು ಸಿ ಲಸಿಕೆ ಕಡ್ಡಾಯವಾಯಿತು. 2000ದಲ್ಲಿ ಡಬ್ಲ್ಯು ಗುಂಪು ಬಂದು, ಊರಿಗೆ ಮರಳಿದವರ ಮೂಲಕ ಹಲವು ದೇಶಗಳಿಗೆ ದಾಟಿತು. ಅಲ್ಲಿಂದ ಎ, ಸಿ, ಡಬ್ಲ್ಯು, ವೈ ಎಂಬ ನಾಲ್ಕು ಗುಂಪುಗಳ ಲಸಿಕೆ ಬೇಕೆಂದಾಯಿತು. ಬೆಂಗಳೂರಿನಿಂದ ವಿಮಾನ ಹತ್ತುವ ಯಾತ್ರಿಕರೂ ಇದನ್ನು ಕನಿಷ್ಠ ಹತ್ತು ದಿನ ಮೊದಲು ಪಡೆದಿರಬೇಕು.

ಬಿ ಗುಂಪು ಮಾತ್ರ ಬಹಳ ಕಾಲ ಕೈಗೆ ಸಿಗಲಿಲ್ಲ. ಅದರ ಸಕ್ಕರೆ ಹೊದಿಕೆ ನಮ್ಮದೇ ನರಕೋಶಗಳ ಸಕ್ಕರೆಯನ್ನು ಹೋಲುವುದರಿಂದ ದೇಹ ಅದನ್ನು ತನ್ನದೆಂದೇ ಬಿಟ್ಟುಬಿಡುತ್ತದೆ. ರೋಗಾಣುವಿನ ಇಡೀ ಜೀನೋಮ್, ಅಂದರೆ ವಂಶವಾಹಿ ಮಾಹಿತಿಯನ್ನೆಲ್ಲ ಓದಿ, ಬೇರೆ ಪ್ರೋಟೀನುಗಳನ್ನು ಆರಿಸಿ ಮಾಡಿದ ಲಸಿಕೆಗೆ 2013ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ದೊರೆಯಿತು. 2015ರಿಂದ ಬ್ರಿಟನ್ ತನ್ನ ಎಲ್ಲ ಶಿಶುಗಳಿಗೂ ಕೊಡುತ್ತಿದೆ. ನಾಲ್ಕು ಗುಂಪಿನ ಲಸಿಕೆಯಲ್ಲಿ ಬಿ ಸೇರಿಲ್ಲ ಎಂಬುದನ್ನು ವಿದೇಶಕ್ಕೆ ಹೊರಟ ವಿದ್ಯಾರ್ಥಿಗಳು ಗಮನಿಸಬೇಕು.

ಹಾಗಾದರೆ ನಮ್ಮ ಮಕ್ಕಳಿಗೆ? ತಾಯಿ ಕಾರ್ಡ್ ತೆರೆದು ನೋಡಿ. ಹುಟ್ಟಿದಾಗ ಹಾಕುವ ಬಿಸಿಜಿ, ಎಳೆಯ ಮಕ್ಕಳನ್ನು ಕ್ಷಯದ ಮೆನಿಂಜೈಟಿಸ್‌ನಿಂದ ಕಾಯುತ್ತದೆ. ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಕೊಡುವ, ಐದು ರೋಗಗಳ ಲಸಿಕೆ ಪೆಂಟಾದಲ್ಲಿ ಹಿಬ್ ಇದೆ. ಪಿಸಿವಿ ಎಂದರೆ ನ್ಯೂಮೊಕಾಕಸ್‌ನದು. 2021ರಿಂದ ಅದು ದೇಶದೆಲ್ಲೆಡೆ ಉಚಿತ. ಸರ್ಕಾರಿ ಪಟ್ಟಿಯಲ್ಲಿ ಇಲ್ಲದಿರುವುದು ಮೆನಿಂಗೊಕಾಕಸ್ ಲಸಿಕೆ. ನಮ್ಮಲ್ಲಿ ಅದು ಆಗಾಗ ಎದ್ದು ತಣ್ಣಗಾಗುವ ರೋಗ. ದೆಹಲಿಯಲ್ಲಿ 1966, 1985 ಮತ್ತು 2005ರಲ್ಲಿ ಕಾಡಿತ್ತು. ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು, ಕೆಲವು ಬಗೆಯ ರೋಗನಿರೋಧಕ ಕೊರತೆ ಇರುವವರು, ಹಜ್ ಯಾತ್ರಿಕರು, ವಿದೇಶದ ಹಾಸ್ಟೆಲ್ ಸೇರುವವರು ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬೇಕು. ಉಳಿದ ಮಕ್ಕಳಿಗೆ ಇದನ್ನು ಹಾಕಿಸಲಿಲ್ಲವೆಂದು ತಾಯ್ತಂದೆಯರು ಕೊರಗಬೇಕಿಲ್ಲ. ಆದರೆ ಪೆಂಟಾ, ಪಿಸಿವಿಯ ಒಂದು ಡೋಸೂ ತಪ್ಪಬಾರದು.

ಲಸಿಕೆಯಾದ ಮಗುವಿಗೂ ಬೇರೆ ರೋಗಾಣುವಿನಿಂದ ಮೆನಿಂಜೈಟಿಸ್ ಬರಬಹುದು. ಜ್ವರ, ವಿಪರೀತ ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದಿರುವುದು, ಬೆಳಕು ಸಹಿಸದಿರುವುದು, ಮಂಕು ಕವಿಯುವುದು ಇದರ ಲಕ್ಷಣ. ಕೂಸುಗಳಲ್ಲಿ ಕತ್ತು ಬಿಗಿಯದೆಯೂ ಇರಬಹುದು. ಹಾಲು ಬಿಡುತ್ತವೆ, ಎತ್ತಿಕೊಂಡರೆ ಇನ್ನಷ್ಟು ಅಳುತ್ತವೆ, ನೆತ್ತಿ ಉಬ್ಬುತ್ತದೆ. ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಚುಕ್ಕೆಗಳು ಮೆನಿಂಗೊಕಾಕಸ್ಸಿನ ಸುಳಿವು. ನಮ್ಮ ಮೈಬಣ್ಣದಲ್ಲಿ ಅವು ಸುಲಭವಾಗಿ ಕಾಣುವುದಿಲ್ಲ, ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಬದಿ ನೋಡಬೇಕು. ಚುಕ್ಕೆ ಬರಲಿ ಎಂದು ಕಾಯಲೇಬಾರದು.

ಆಸ್ಪತ್ರೆಯಲ್ಲಿ ‘ಬೆನ್ನಿನಿಂದ ನೀರು ತೆಗೆಯಬೇಕು’ ಎಂದಾಗ, ಕಾಲು ಸ್ವಾಧೀನ ತಪ್ಪುತ್ತದೆಂಬ ಹೆದರಿಕೆಯಿಂದ ಎಷ್ಟೋ ಮನೆಯವರು ಸಹಿ ಹಾಕುವುದಿಲ್ಲ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದುಹೋಗುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಯಾವ ರೋಗಾಣು, ಯಾವ ಔಷಧಿ ಎಂದು ಖಚಿತವಾಗಿ ಹೇಳುವುದು ಆ ನಾಲ್ಕು ಹನಿ ನೀರು. ಮೆನಿಂಗೊಕಾಕಸ್ ಎಂದಾದರೆ ಮನೆಯಲ್ಲಿ ಜೊತೆಗಿದ್ದವರೂ ಮುಂಜಾಗ್ರತೆಯಾಗಿ ಆಂಟಿಬಯಾಟಿಕ್ ಪಡೆಯಬೇಕು. ಮಗು ಗುಣವಾಗಿ ಮನೆಗೆ ಹೊರಟಾಗ, ಹೆಚ್ಚೆಂದರೆ ನಾಲ್ಕು ವಾರದೊಳಗೆ, ಕಿವಿ ಪರೀಕ್ಷೆ ಮಾಡಿಸಿ ಎಂದು ಕೇಳಿ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಶ್ರವಣವನ್ನು ಕಸಿದುಕೊಳ್ಳುವುದುಂಟು. ಒಳಗಿವಿಯ ಶಂಖ ಎಲುಬಿನಂತೆ ಗಟ್ಟಿಯಾಗುವ ಮೊದಲು ಗೊತ್ತಾದರೆ ಕೇಳಿಸುವಂತೆ ಮಾಡುವ ಸಾಧನ ಕಾಕ್ಲಿಯರ್ ಇಂಪ್ಲಾಂಟನ್ನು ಅದರೊಳಗೆ ಕೂರಿಸಬಹುದು, ತಡವಾದರೆ ಅದು ಕಷ್ಟ.